ತುಮಕೂರು ಸೀಮೆಯ ಟಿವಿ: ಆ್ಯಂಟೆನಾದಿಂದ ಪ್ಲಾಸ್ಮಾವರೆಗೆ

ಪ್ಲಾಸ್ಮಾ ಟಿವಿ ಭಾರತದ ಅಂಗಡಿಗಳಲ್ಲಿ ಇದ್ದದ್ದು ಹೆಚ್ಚೆಂದರೆ ಹದಿನೈದು ವರ್ಷ. ಆ ಕಾಲದ ಬೇರೆ ಯಾವ ಟಿವಿಗೂ ಇಲ್ಲದಂಥ ಚಿತ್ರ ಅದಕ್ಕಿತ್ತು. ಆದರೂ ಹಿರೇಹಳ್ಳಿ, ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಅದು ಮನೆಮಾತಾಗಲಿಲ್ಲ. ಬೆಲೆ ಒಂದು ಕಾರಣ, ಆದರೆ ಅದೊಂದೇ ಅಲ್ಲ. ಈ ಸೀಮೆಯಲ್ಲಿ ಯಾವ ಟಿವಿ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದನ್ನು ಮೊದಲಿನಿಂದಲೂ ತೀರ್ಮಾನಿಸಿದ್ದು ಕರೆಂಟು ಮತ್ತು ಸಿಗ್ನಲ್. ಪ್ಲಾಸ್ಮಾ ಎರಡರ ಪಾಲಿಗೂ ಹೊರೆಯಾಗಿತ್ತು.

ಕರ್ನಾಟಕದ ಹಳ್ಳಿಗೆ ಟಿವಿ ಮೊದಲು ಬಂದದ್ದು ಬೆಂಗಳೂರಿನ ಆಸುಪಾಸಿಗಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಉಪಗ್ರಹ ಶೈಕ್ಷಣಿಕ ಟಿವಿ ಪ್ರಯೋಗಕ್ಕೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಳ್ಳಲಾಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಸಮುದಾಯ ಟಿವಿ ಇಟ್ಟರು. ಕರ್ನಾಟಕದ ಪಾಲಿನ ಹಳ್ಳಿಗಳೆಲ್ಲ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳವು. ಶಾಲೆಯ ಮುಂದೆ ಜಾಲರಿ ಹೆಣೆದ ಹತ್ತಡಿ ಅಗಲದ ಡಿಶ್, ಒಳಗೆ ಕಪ್ಪು-ಬಿಳುಪಿನ ಪೆಟ್ಟಿಗೆ. ರಾಜಧಾನಿಯಿಂದ ಅರವತ್ತು ಕಿಲೋಮೀಟರಿನಷ್ಟೇ ದೂರದ ಹಿರೇಹಳ್ಳಿಗೆ ಇಲ್ಲದ ಭಾಗ್ಯ ರಾಯಚೂರು ಸೀಮೆಯ ಹಳ್ಳಿಗೆ ಆರು ವರ್ಷ ಮೊದಲೇ ಸಿಕ್ಕಿತ್ತು.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ದೇಶಕ್ಕೆ ಬಣ್ಣದ ಟಿವಿ ಬಂತು. ತುಮಕೂರು ಸೀಮೆ ಬೆಂಗಳೂರಿನ ಪ್ರಸಾರ ಮುಟ್ಟುವ ಅಂಚಿನಲ್ಲಿತ್ತು. ಹಾಗಾಗಿ ಇಲ್ಲಿ ಟಿವಿ ಕೊಳ್ಳುವುದೆಂದರೆ ಅರ್ಧ ಆ್ಯಂಟೆನಾ ಕೊಳ್ಳುವುದೇ ಆಗಿತ್ತು. ಹೆಂಚಿನ ಮನೆಯ ಪಕ್ಕದಲ್ಲಿ ಇಪ್ಪತ್ತಡಿಯ ಕಬ್ಬಿಣದ ಪೈಪು, ತುದಿಗೆ ಅಲ್ಯೂಮಿನಿಯಂ ಕಡ್ಡಿಗಳ ಆ್ಯಂಟೆನಾ, ಅದರ ಮೂತಿ ಆಗ್ನೇಯಕ್ಕೆ, ಬೆಂಗಳೂರಿನ ಕಡೆಗೆ. ಗಾಳಿಗೆ ಪೈಪು ಒಂದಿಷ್ಟು ತಿರುಗಿದರೂ ಚಿತ್ರದ ಮೇಲೆ ಚುಕ್ಕಿ ಸುರಿಯುತ್ತಿತ್ತು. ಒಬ್ಬ ಮೇಲೆ ಹತ್ತಿ ಪೈಪು ತಿರುಗಿಸುವುದು, ಕಿಟಕಿಯಲ್ಲಿ ನಿಂತವರು ‘ಬಂತು ಬಂತು, ಅಯ್ಯೋ ಹೋಯ್ತು, ಹಿಂದಕ್ಕೆ ತಿರುಗ್ಸೋ’ ಎಂದು ಕೂಗುವುದು ಆ ದಶಕದ ಮಾಮೂಲು. ಅನುಕೂಲಸ್ಥರು ಬೂಸ್ಟರ್ ಹಾಕಿಸಿಕೊಂಡರು. ಅದು ಸಿಗ್ನಲ್ಲನ್ನು ಹಿಗ್ಗಿಸುವಾಗ ಚುಕ್ಕಿಯನ್ನೂ ಹಿಗ್ಗಿಸುತ್ತಿತ್ತು ಎಂಬುದು ಬೇರೆ ಮಾತು.

ಕರೆಂಟಿನದು ಇನ್ನೊಂದು ಕಥೆ. ತೆಂಗು, ಅಡಿಕೆ ತೋಟಗಳ ಈ ನಾಡಿನಲ್ಲಿ ಕೆರೆ-ಬಾವಿಗಳ ಜಾಗಕ್ಕೆ ಬೋರ್‌ವೆಲ್ ಬಂದಂತೆ ಪಂಪ್‌ಸೆಟ್ಟುಗಳೂ ಹೆಚ್ಚಿದವು. ತ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ ಮೋಟಾರುಗಳೆಲ್ಲ ಒಟ್ಟಿಗೆ ಓಡಿದರೆ ಮನೆಯ ವೋಲ್ಟೇಜು ಕುಸಿಯುತ್ತಿತ್ತು. ಅವು ನಿಂತ ಕೂಡಲೇ ಜಿಗಿಯುತ್ತಿತ್ತು. ಬಲ್ಬು ಅದನ್ನು ತಾಳಿಕೊಳ್ಳುತ್ತದೆ, ಟಿವಿ ತಾಳುವುದಿಲ್ಲ. ಆದ್ದರಿಂದ ಟಿವಿಯ ಜತೆಗೆ ಸ್ಟೆಬಿಲೈಜರ್ ಕಡ್ಡಾಯವಾಯಿತು. 1987ರ ಜನವರಿಯಲ್ಲಿ ಶುರುವಾದ ‘ರಾಮಾಯಣ’ ಭಾನುವಾರದ ಬೆಳಿಗ್ಗೆಯನ್ನು ಹಿಡಿದಿಟ್ಟುಕೊಂಡಾಗ, ಅದೇ ಹೊತ್ತಿಗೆ ಕರೆಂಟು ಹೋದರೆ ಬೈಸಿಕೊಳ್ಳುವ ಸರದಿ ಲೈನ್‌ಮನ್ನನದು. 2002ರಲ್ಲಿ ಬೆಸ್ಕಾಂ ಹುಟ್ಟಿ ತುಮಕೂರು ಜಿಲ್ಲೆ ಅದರ ಪಾಲಿಗೆ ಬಂತು. ಆಮೇಲೆ ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಬೇರೆಬೇರೆ ಲೈನು ಎಳೆಯುವ ಕೆಲಸ ನಡೆಯಿತು. ಟಿವಿಯ ಆಯುಸ್ಸನ್ನು ಹೆಚ್ಚಿಸಿದ್ದರಲ್ಲಿ ಕಂಪನಿಗಳ ಯಾವ ಹೊಸ ತಂತ್ರಕ್ಕಿಂತಲೂ ಈ ಲೈನುಗಳ ಪಾಲು ದೊಡ್ಡದೆನ್ನಬೇಕು.

1884ರಲ್ಲಿ ನಾಟಕ ಕಂಪನಿ ಕಟ್ಟಿ ನಾಡೆಲ್ಲ ಸುತ್ತಿಸಿದ ಗುಬ್ಬಿಯಂಥ ಊರಿನಲ್ಲೂ ತೊಂಬತ್ತರ ದಶಕಕ್ಕೆ ಸಂಜೆಯೆಂದರೆ ಟಿವಿಯೇ ಆಯಿತು. 1994ರ ಜೂನ್‌ನಲ್ಲಿ ಉದಯ ಟಿವಿ, 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಬಂದವು. ಆ್ಯಂಟೆನಾದ ಪೈಪು ಬಟ್ಟೆ ಒಣಗಿಸುವ ತಂತಿಗೆ ಗೂಟವಾಯಿತು, ಕಂಬದಿಂದ ಕಂಬಕ್ಕೆ ಕೇಬಲ್ಲು ಓಡಿತು. ಸಿಗ್ನಲ್ ಮನೆಬಾಗಿಲಿಗೆ ಬಂತು ನಿಜ, ಆದರೆ ಅದು ಅನಲಾಗ್ ಸಿಗ್ನಲ್. ಸಾಲಿನ ಕೊನೆಯ ಮನೆಗೆ ತಲುಪುವಷ್ಟರಲ್ಲಿ ಸೊರಗಿರುತ್ತಿತ್ತು. ಇಪ್ಪತ್ತೊಂದು ಇಂಚಿನ ಪಿಕ್ಚರ್ ಟ್ಯೂಬಿನ ಟಿವಿ ಆ ಸೊರಗನ್ನು ಮುಚ್ಚಿಹಾಕುತ್ತಿದ್ದರಿಂದ ಯಾರೂ ದೂರಲಿಲ್ಲ.

ಪ್ಲಾಸ್ಮಾ ಬಂದದ್ದು ಈ ಹೊತ್ತಿನಲ್ಲಿ. ಅದರ ಹುಟ್ಟು ಮಾತ್ರ ಇದಕ್ಕಿಂತ ಬಹಳ ಹಳೆಯದು. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಸೇರಿ ಮೊದಲ ಪ್ಲಾಸ್ಮಾ ಪರದೆಯನ್ನು ಮಾಡಿದರು. ಅದು ಮನರಂಜನೆಗಲ್ಲ, ಪ್ಲೇಟೊ ಎಂಬ ಬೋಧನಾ ಕಂಪ್ಯೂಟರಿಗೆ. ಮುಂದೆ ಅದರಲ್ಲಿ ಬಳಕೆಗೆ ಬಂದ ಪರದೆಗಳು ಕಿತ್ತಳೆ ಬಣ್ಣದೊಂದರಲ್ಲೇ ಬೆಳಗುತ್ತಿದ್ದವು. ಪೂರ್ಣ ಬಣ್ಣದ 21 ಇಂಚಿನ ಪರದೆಯನ್ನು ಜಪಾನಿನ ಫುಜಿತ್ಸು 1992ರಲ್ಲಿ ತಂದಿತು. 1997ರಲ್ಲಿ 42 ಇಂಚಿನದು ಮಾರಾಟಕ್ಕೆ ಬಂದಾಗ ಅಮೆರಿಕದಲ್ಲಿ ಅದಕ್ಕೆ ಹದಿನೈದು ಸಾವಿರ ಡಾಲರಿನಷ್ಟು ಬೆಲೆ.

ಕೆಲಸದ ರೀತಿ ಸರಳ. ಎರಡು ಗಾಜಿನ ಹಲಗೆಗಳ ನಡುವೆ ಲಕ್ಷಗಟ್ಟಲೆ ಸೂಕ್ಷ್ಮ ಗೂಡುಗಳು, ಅವುಗಳ ತುಂಬ ನಿಯಾನ್ ಮತ್ತು ಕ್ಸೆನಾನ್ ಅನಿಲ. ಇನ್ನೂರು ವೋಲ್ಟಿನಷ್ಟು ಒತ್ತಡ ಕೊಟ್ಟಾಗ ಅನಿಲ ಹೊತ್ತಿಕೊಂಡು ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬೀರುತ್ತದೆ. ಗೂಡಿನ ಗೋಡೆಗೆ ಬಳಿದ ಕೆಂಪು, ಹಸಿರು, ನೀಲಿ ಫಾಸ್ಫರ್ ಅದನ್ನು ಬಣ್ಣವಾಗಿ ಹೊರಗೆಡಹುತ್ತದೆ. ಟ್ಯೂಬ್‌ಲೈಟೂ ಇದೇ ಕ್ರಮದಲ್ಲಿ ಉರಿಯುವುದು. ಪ್ರತಿ ಗೂಡೂ ತಾನೇ ಬೆಳಗಿ ತಾನೇ ಆರುವುದರಿಂದ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಕ್ರಿಕೆಟ್ ಚೆಂಡು ಓಡಿದರೆ ಹಿಂದೆ ಬಾಲ ಎಳೆಯುವುದಿಲ್ಲ, ಪಕ್ಕದಿಂದ ನೋಡಿದರೂ ಬಣ್ಣ ಮಾಸುವುದಿಲ್ಲ. ಅದೇ ಕಾಲದ ಎಲ್‌ಸಿಡಿ ಈ ಮೂರರಲ್ಲೂ ಹಿಂದಿತ್ತು.

ಬೆಂಗಳೂರು–ತುಮಕೂರು ಹೆದ್ದಾರಿಯ ಪಕ್ಕದ ಹಿರೇಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಿದೆ. ತುಮಕೂರಿನಲ್ಲಿ 2016ರಲ್ಲಿ ಮುಚ್ಚುವವರೆಗೆ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಿತ್ತು. ಇಂಥ ಕಾರ್ಖಾನೆಗಳ ತಿಂಗಳ ಸಂಬಳ ಎಣಿಸುವ ಮನೆಗಳು ಪ್ಲಾಸ್ಮಾ ಕೊಳ್ಳುವ ಮೊದಲು ಲೆಕ್ಕ ಹಾಕಬೇಕಾದದ್ದು ಬಹಳವಿತ್ತು. 42 ಇಂಚಿನ ಹಳೆಯ ಮಾದರಿ ಮುನ್ನೂರು ವ್ಯಾಟ್ ಆಸುಪಾಸು ಎಳೆಯುತ್ತಿತ್ತು, ಅಂದರೆ ಡಬ್ಬಾ ಟಿವಿಯ ಮೂರರಷ್ಟು. ಕರೆಂಟು ಹೋದಾಗ ಎರಡು ಫ್ಯಾನು, ನಾಲ್ಕು ದೀಪಕ್ಕೆಂದು ಕೊಂಡ ಇನ್ವರ್ಟರ್ ಈ ಒಂದಕ್ಕೇ ದಣಿಯುತ್ತಿತ್ತು. ತೂಕ ಮೂವತ್ತು ಕಿಲೋ ದಾಟುತ್ತಿತ್ತು. ಹಳೆಯ ಮಣ್ಣಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕುವ ಮಾತೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹಗಲಿನಲ್ಲಿ ಬಾಗಿಲು ತೆರೆದೇ ಇರುವ ಮನೆಯ ಹಜಾರ ಅದಕ್ಕೆ ಒಗ್ಗುವುದಿಲ್ಲ. ಮುಂಭಾಗ ಗಾಜು, ಬೆಳಕು ಎಲ್‌ಸಿಡಿಗಿಂತ ಕಡಿಮೆ. ಬಾಗಿಲಿಗೆ ಎದುರಾಗಿ ಇಟ್ಟರೆ ಧಾರಾವಾಹಿಯ ಜತೆಗೆ ಅಂಗಳದಲ್ಲಿ ನಿಂತ ಬೈಕೂ ಕಾಣುತ್ತದೆ. ಪರದೆ ಎಳೆದು ರಾತ್ರಿ ಸಿನಿಮಾ ನೋಡುವ ಮನೆಗೆ ಅದಕ್ಕಿಂತ ಒಳ್ಳೆಯದು ಆಗ ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಈ ಸೀಮೆ ಪ್ಲಾಸ್ಮಾಗೆ ಅನುಕೂಲ. ಗಾಳಿಯ ಒತ್ತಡ ಕಡಿಮೆಯಿರುವ ಎತ್ತರದ ಊರುಗಳಲ್ಲಿ ಒಳಗಿನ ಅನಿಲಕ್ಕೂ ಹೊರಗಿನ ಗಾಳಿಗೂ ನಡುವಿನ ಒತ್ತಡದ ಅಂತರ ಬದಲಾಗಿ, ಪರದೆ ಗುಂಯ್‌ಗುಟ್ಟುವುದುಂಟು. ಸಮುದ್ರಮಟ್ಟದಿಂದ 800 ಮೀಟರಿನ ಆಸುಪಾಸಿನಲ್ಲಿರುವ ತುಮಕೂರಿಗೆ ಆ ಭಯವಿಲ್ಲ. 2200 ಮೀಟರ್ ಮೀರಿದ ಊಟಿಯಂಥಲ್ಲಿ ಇದೆ.

ಪೆಟ್ಟು ಬಿದ್ದದ್ದು ಸಿಗ್ನಲ್ಲಿನಲ್ಲಿ. ಕೇಬಲ್ಲಿನ ಅನಲಾಗ್ ಚಿತ್ರವನ್ನು 42 ಇಂಚಿಗೆ ಹಿಗ್ಗಿಸಿದರೆ ಅದರ ಪ್ರತಿ ಕೊಳೆಯೂ ಎದ್ದು ಕಾಣುತ್ತದೆ. ಲಕ್ಷದ ಹತ್ತಿರದ ಟಿವಿಗಿಂತ ಪಕ್ಕದ ಮನೆಯ ಡಬ್ಬಾ ಚೆನ್ನಾಗಿ ಕಾಣುವ ಪ್ರಸಂಗ ಇದರಿಂದಲೇ ಬರುತ್ತಿದ್ದದ್ದು. ಡಿಟಿಎಚ್ ಡಿಶ್ಶು ಹಾಕಿಸಿಕೊಂಡವರು ಪಾರಾದರು. ಕೇಬಲ್ ಡಿಜಿಟಲ್ ಆಗಬೇಕೆಂಬ ಕೇಂದ್ರದ ನಿಯಮದಲ್ಲಿ ಬೆಂಗಳೂರು, ಮೈಸೂರುಗಳ ಗಡುವು 2013ರ ಮಾರ್ಚ್ ಕೊನೆಗಿತ್ತು. ಉಳಿದ ನಗರ-ಪಟ್ಟಣಗಳದು 2015ರ ಡಿಸೆಂಬರ್ ಕೊನೆಗೆ, ಹಳ್ಳಿಗಳದು ಅದರಿಂದಾಚೆಗೆ. ಕನ್ನಡದ ಮನರಂಜನಾ ವಾಹಿನಿಗಳು ಎಚ್‌ಡಿಯಲ್ಲಿ ಬರತೊಡಗಿದ್ದು 2016ರಿಂದೀಚೆಗೆ. ಅಷ್ಟರಲ್ಲಿ ಪ್ಯಾನಾಸೋನಿಕ್ 2013ರ ಕೊನೆಗೆ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತ್ತು. ಸ್ಯಾಮ್‌ಸಂಗ್, ಎಲ್‌ಜಿ 2014ರಲ್ಲಿ ಕೈಬಿಟ್ಟಿದ್ದವು. ಪ್ಲಾಸ್ಮಾಗೆ ತಕ್ಕ ಕನ್ನಡ ಚಿತ್ರ ತುಮಕೂರಿನ ಕೇಬಲ್ಲಿಗೆ ಬರುವ ಹೊತ್ತಿಗೆ ಕೊಳ್ಳಲು ಪ್ಲಾಸ್ಮಾವೇ ಇರಲಿಲ್ಲ. ಅಗ್ಗದ, ಹಗುರದ, ನೂರು ವ್ಯಾಟಿನೊಳಗೆ ಮುಗಿಯುವ ಎಲ್‌ಇಡಿ ಟಿವಿ ಆ ಜಾಗದಲ್ಲಿ ಕೂತಿತ್ತು.

ಉಳಿದುಕೊಂಡ ಪ್ಲಾಸ್ಮಾಗಳನ್ನು ನೋಡಿಕೊಳ್ಳುವುದಕ್ಕೆ ಅದರದ್ದೇ ಕಟ್ಟಳೆಗಳಿವೆ. ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಆ ಜಾಗದ ಫಾಸ್ಫರ್ ಬೇಗ ಸವೆದು ನೆರಳು ಉಳಿಯುತ್ತದೆ. ದಿನವಿಡೀ ಸುದ್ದಿವಾಹಿನಿ ಹಾಕಿಡುವ ಹೋಟೆಲು, ಅಂಗಡಿಗಳಲ್ಲಿ ಇದರ ಅಪಾಯ ಹೆಚ್ಚು. ಮೂಲೆಯ ಲಾಂಛನ, ಕೆಳಗಿನ ‘ಬ್ರೇಕಿಂಗ್ ನ್ಯೂಸ್’ ಪಟ್ಟಿ ಅಚ್ಚೊತ್ತಿಕೊಂಡರೆ ಆಮೇಲೆ ಯಾವ ಸಿನಿಮಾ ಹಾಕಿದರೂ ಅದರ ಹಿಂದೆ ಸುದ್ದಿ ಇಣುಕುತ್ತದೆ. ಕಾಂಟ್ರಾಸ್ಟನ್ನು ತುಸು ಇಳಿಸಿಡುವುದು, ವಾಹಿನಿ ಬದಲಿಸುತ್ತಿರುವುದು ಇದಕ್ಕೆ ಮದ್ದು. ಹಿಂಬದಿಗೆ ಗಾಳಿಯಾಡಲು ಜಾಗ ಬಿಡಬೇಕು. ಒಣ, ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು, ನೀರು ಚಿಮುಕಿಸಬಾರದು. ಮನೆ ಬದಲಿಸುವಾಗ ಗೂಡ್ಸ್ ಆಟೋದಲ್ಲಿ ಮಲಗಿಸಿ ಒಯ್ದರೆ ತನ್ನ ಭಾರಕ್ಕೆ ತಾನೇ ಗಾಜು ಬಿರಿಯಬಹುದು, ನಿಲ್ಲಿಸಿಯೇ ಒಯ್ಯಬೇಕು.

ಕೆಡುವುದು ಹೆಚ್ಚಾಗಿ ಪವರ್ ಬೋರ್ಡು ಇಲ್ಲವೇ ಗೂಡುಗಳಿಗೆ ಒತ್ತಡ ಹಂಚುವ ಸಸ್ಟೇನ್ ಬೋರ್ಡು. ನೆತ್ತಿ ಉಬ್ಬಿದ ಕೆಪಾಸಿಟರ್ ಬದಲಿಸಿದರೆ ಕೆಲವು ಎದ್ದು ಕೂರುತ್ತವೆ. ಹೊಸ ಬೋರ್ಡು ಯಾರೂ ಮಾಡುತ್ತಿಲ್ಲವಾದ್ದರಿಂದ ಇನ್ನೊಂದು ಸತ್ತ ಟಿವಿಯಿಂದ ಕಿತ್ತದ್ದೇ ಗತಿ. ಪ್ಲಗ್ ತೆಗೆದ ಮೇಲೂ ಒಳಗೆ ವಿದ್ಯುತ್ತು ಕೂತಿರುವುದರಿಂದ ಈ ಕೆಲಸ ಮೆಕ್ಯಾನಿಕ್ಕಿನದು, ಮನೆಯವರದ್ದಲ್ಲ.

ಪೂರ್ತಿ ಸತ್ತದ್ದು ಸಾಮಾನ್ಯವಾಗಿ ಗುಜರಿಗೆ ಹೋಗುತ್ತದೆ. ಅಲ್ಲಿ ಬೆಲೆ ಸಿಗುವುದು ಹಿಂಬದಿಯ ಅಲ್ಯೂಮಿನಿಯಂ ತಗಡಿಗೆ, ತಾಮ್ರಕ್ಕೆ. ದೊಡ್ಡ ಗಾಜು ಯಾರಿಗೂ ಬೇಡ. ಒಳಗಿನ ಅನಿಲದಿಂದ ತೊಂದರೆಯಿಲ್ಲ, ಆದರೆ ಹಳೆಯ ಮಾದರಿಗಳ ಗಾಜಿನ ಲೇಪದಲ್ಲೂ ಬೆಸುಗೆಯಲ್ಲೂ ಸೀಸವಿದೆ. 2012ರ ಮೇ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಂಥ ಸರಕನ್ನು ಅಧಿಕೃತ ಸಂಸ್ಕರಣಾ ಘಟಕಕ್ಕೇ ಕೊಡಬೇಕೆಂದವು, ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿದವು. ಅಂಥ ಘಟಕಗಳಲ್ಲಿ ದೇಶದಲ್ಲೇ ಮೊದಲಿನವುಗಳ ಸಾಲಿಗೆ ಸೇರಿದ ಇ-ಪರಿಸರ ಇರುವುದು ಇದೇ ಹೆದ್ದಾರಿಯ ದಾಬಸ್‌ಪೇಟೆಯಲ್ಲಿ, ಹಿರೇಹಳ್ಳಿಯಿಂದ ಬೆಂಗಳೂರಿನ ಕಡೆಗೆ ಹೋಗುವ ದಾರಿಯಲ್ಲಿ.