ಸೂಟ್‌ಕೇಸ್ ನಿಮ್ಮದು, ಬೀಗ ನಿಮ್ಮದು, ಇನ್ನೊಂದು ಕೀ ಯಾರದು?



ನಿಮ್ಮ ಮನೆ ಅಟ್ಟದ ಮೇಲಿರೋ ಸೂಟ್‌ಕೇಸನ್ನ ಒಮ್ಮೆ ಇಳಿಸಿ ನೋಡಿ. ಇತ್ತೀಚಿನ ವರ್ಷಗಳಲ್ಲಿ ಕೊಂಡಿದ್ದಾದರೆ, ನಂಬರ್ ಲಾಕ್ ಪಕ್ಕದಲ್ಲಿ ಒಂದು ಪುಟ್ಟ ಕೀ ತೂತು ಇರಬಹುದು. ಅದರ ಹತ್ತಿರ 'ಟಿಎಸ್‌ಎ 007' ಅಂತಲೋ 'ಟಿಎಸ್‌ಎ 002' ಅಂತಲೋ ಬರೆದಿರುತ್ತೆ. ಅಂಗಡಿಯವರು ನಂಬರ್ ಸೆಟ್ ಮಾಡೋದನ್ನ ಹೇಳಿಕೊಟ್ಟಿರ್ತಾರೆ, ಆ ತೂತಿಗೆ ಹಾಕೋ ಕೀ ಮಾತ್ರ ಕೊಟ್ಟಿರಲ್ಲ. ಅದು ಅಮೆರಿಕದ ವಿಮಾನ ನಿಲ್ದಾಣದ ತಪಾಸಣೆ ಸಿಬ್ಬಂದಿ ಬಳಸೋ ಕೀ.

ನಾವು ದುಡ್ಡು ಕೊಟ್ಟು ತಂದ ಬೀಗಕ್ಕೆ ಇನ್ನೊಬ್ಬರ ಕೈಯಲ್ಲಿ ಕೀ ಇರೋ ಈ ವ್ಯವಸ್ಥೆ ಹೇಗೆ ಬಂತು? ಇದರ ಹಿಂದೆ ಸುಮಾರು ನಲವತ್ತು ವರ್ಷದ ಕಥೆ ಇದೆ. ಅದರ ಮೊದಲ ದೊಡ್ಡ ಅಧ್ಯಾಯದಲ್ಲಿರೋದು ನಮ್ಮದೇ ವಿಮಾನ.

1985ರ ಜೂನ್ 22. ಕೆನಡಾದ ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ಒಬ್ಬ ಪ್ರಯಾಣಿಕ ಕೌಂಟರ್‌ಗೆ ಬರ್ತಾನೆ. ಅವನಿಗೆ ಟೊರಾಂಟೊವರೆಗೆ ಮಾತ್ರ ಸೀಟು ಖಾತ್ರಿ, ಅಲ್ಲಿಂದ ಮುಂದಿನ ಏರ್ ಇಂಡಿಯಾ ವಿಮಾನಕ್ಕೆ ವೇಟಿಂಗ್ ಲಿಸ್ಟ್. ಆದರೂ ತನ್ನ ಬ್ಯಾಗನ್ನ ನೇರವಾಗಿ ದೆಹಲಿಗೇ ಕಳಿಸಬೇಕು ಅಂತ ಪಟ್ಟು ಹಿಡೀತಾನೆ. ಹಿಂದೆ ಉದ್ದ ಕ್ಯೂ. ಕೌಂಟರ್ ಸಿಬ್ಬಂದಿ ಕೊನೆಗೆ ಒಪ್ಪಿಕೊಳ್ತಾರೆ. ಬ್ಯಾಗ್ ವಿಮಾನ ಹತ್ತುತ್ತೆ, ಅವನು ಹತ್ತೋದೇ ಇಲ್ಲ.

ಟೊರಾಂಟೊದಲ್ಲಿ ಬ್ಯಾಗುಗಳನ್ನ ನೋಡ್ತಿದ್ದ ಎಕ್ಸ್‌ರೇ ಯಂತ್ರ ಅವತ್ತು ಮಧ್ಯದಲ್ಲೇ ಕೆಟ್ಟು ನಿಲ್ಲುತ್ತೆ. ಉಳಿದ ಬ್ಯಾಗುಗಳನ್ನ ಕೈಯಲ್ಲಿ ಹಿಡಿಯೋ ಸಣ್ಣ ಸಾಧನದಿಂದ ಪರೀಕ್ಷೆ ಮಾಡಿ ಕಳಿಸಿಬಿಡ್ತಾರೆ. ಮರುದಿನ ಬೆಳಿಗ್ಗೆ, ಐರ್ಲೆಂಡ್ ಹತ್ತಿರ ಸಮುದ್ರದ ಮೇಲೆ ಸುಮಾರು 31,000 ಅಡಿ ಎತ್ತರದಲ್ಲಿ ಏರ್ ಇಂಡಿಯಾ 182, ನಮಗೆಲ್ಲ 'ಕನಿಷ್ಕ' ಅಂತ ಗೊತ್ತಿರೋ ವಿಮಾನ, ಸ್ಫೋಟಗೊಳ್ಳುತ್ತೆ. ಅದರಲ್ಲಿದ್ದ 329 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಹೆಚ್ಚಿನವರು ಭಾರತ ಮೂಲದ ಕೆನಡಾ ಪ್ರಜೆಗಳು. ಮಕ್ಕಳನ್ನ ಕರ್ಕೊಂಡು ಊರಿಗೆ ಬರ್ತಿದ್ದ ಕುಟುಂಬಗಳೇ ಅದರಲ್ಲಿ ತುಂಬಾ ಇದ್ದವು. ಅದೇ ದಿನ ಜಪಾನಿನ ನರಿಟಾ ನಿಲ್ದಾಣದಲ್ಲಿ, ಇನ್ನೊಂದು ಏರ್ ಇಂಡಿಯಾ ವಿಮಾನಕ್ಕೆ ಹೋಗಬೇಕಿದ್ದ ಬ್ಯಾಗ್ ಸಿಡಿದು, ಲಗೇಜ್ ಸಾಗಿಸ್ತಿದ್ದ ಇಬ್ಬರು ಕೆಲಸಗಾರರು ತೀರಿಕೊಂಡರು. ಆ ಬ್ಯಾಗೂ ವ್ಯಾಂಕೂವರ್‌ನಿಂದಲೇ ಬಂದಿತ್ತು. ಅದರ ಜೊತೆಗೂ ಪ್ರಯಾಣಿಕ ಇರಲಿಲ್ಲ.

ಇದರಿಂದ ಜಗತ್ತು ಕಲಿಯಬೇಕಿದ್ದ ಪಾಠ ಒಂದೇ ಸಾಲಿನದು: ಪ್ರಯಾಣಿಕ ಹತ್ತದಿದ್ದರೆ ಅವನ ಬ್ಯಾಗೂ ಹೋಗಕೂಡದು. ಹಾಗಂತ ನಿಯಮಗಳೂ ಬಂದವು. ಆದರೆ ಎಲ್ಲ ಕಡೆ ಪಾಲನೆ ಆಗಲಿಲ್ಲ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಪ್ಯಾನ್ ಆ್ಯಮ್ 103 ಸ್ಫೋಟವಾಯ್ತು. ವಿಮಾನದಲ್ಲಿದ್ದ 259 ಜನ, ಕೆಳಗೆ ಊರಲ್ಲಿದ್ದ 11 ಜನ, ಒಟ್ಟು 270 ಸಾವು. ತನಿಖೆಯಲ್ಲಿ ಸಿಕ್ಕಿದ್ದು ಏನು? ಕಂದು ಬಣ್ಣದ ಸ್ಯಾಮ್ಸೊನೈಟ್ ಸೂಟ್‌ಕೇಸ್, ಅದರೊಳಗೆ ತೋಶಿಬಾ ರೇಡಿಯೊ ಕ್ಯಾಸೆಟ್ ಪ್ಲೇಯರ್, ಆ ಪ್ಲೇಯರ್ ಒಳಗೆ ಬಾಂಬ್. ಮತ್ತೆ ಅದೇ, ಜೊತೆಗೆ ಪ್ರಯಾಣಿಕ ಇಲ್ಲದ ಬ್ಯಾಗ್.

ಈಗಲೂ ಒಮ್ಮೊಮ್ಮೆ ವಿಮಾನ ಹೊರಡೋದು ತಡವಾಗಿ, "ಒಬ್ಬ ಪ್ರಯಾಣಿಕರು ಬಂದಿಲ್ಲ, ಅವರ ಬ್ಯಾಗ್ ಇಳಿಸ್ತಿದ್ದೇವೆ" ಅಂತ ಅನೌನ್ಸ್ ಮಾಡ್ತಾರೆ. ಒಳಗೆ ಕೂತವರಿಗೆ ಸಿಟ್ಟು ಬರುತ್ತೆ. ಆ ಇಪ್ಪತ್ತು ನಿಮಿಷದ ಹಿಂದೆ ಕನಿಷ್ಕ ಇದೆ, ಲಾಕರ್ಬಿ ಇದೆ.

ಇನ್ನು ಬೀಗಕ್ಕೆ ಬರೋಣ. 2001ರ ಸೆಪ್ಟೆಂಬರ್ 11ರ ದಾಳಿ ಆದಮೇಲೆ ಅಮೆರಿಕ ನವೆಂಬರ್‌ನಲ್ಲಿ ಹೊಸ ಕಾಯ್ದೆ ತಂತು. ಟಿಎಸ್‌ಎ ಅನ್ನೋ ಸರ್ಕಾರಿ ಸಂಸ್ಥೆ ಹುಟ್ಟಿದ್ದು ಆಗಲೇ. 2002ರ ಡಿಸೆಂಬರ್ 31ರೊಳಗೆ ಪ್ರತಿಯೊಂದು ಚೆಕ್-ಇನ್ ಬ್ಯಾಗಿನಲ್ಲೂ ಸ್ಫೋಟಕ ಇದೆಯಾ ಅಂತ ಪರೀಕ್ಷೆ ಆಗಲೇಬೇಕು ಅಂತ ಕಾಯ್ದೆ ಹೇಳಿತು. ಇದಕ್ಕೆ ಬಳಸೋ ದೊಡ್ಡ ಯಂತ್ರಗಳು ಆಸ್ಪತ್ರೆಯ ಸಿಟಿ ಸ್ಕ್ಯಾನ್ ತರಹವೇ. ವಸ್ತು ಎಷ್ಟು ದಟ್ಟವಾಗಿದೆ ಅನ್ನೋದನ್ನ ಅಳೀತವೆ. ಅನುಮಾನ ಬಂದರೆ ಬ್ಯಾಗ್ ತೆಗೆದು ನೋಡ್ತಾರೆ, ನೀವು ಎದುರಿಗೆ ಇರಲ್ಲ. ಬೀಗ ಹಾಕಿದ್ದರೆ? ಒಡೀತಾರೆ. ಅದಕ್ಕೇ ಶುರುವಿನಲ್ಲಿ ಬೀಗ ಹಾಕಲೇಬೇಡಿ ಅಂತ ಜನರಿಗೆ ಹೇಳ್ತಿದ್ದರು.

ಬೀಗ ಇಲ್ಲದೆ ಬ್ಯಾಗ್ ಬಿಡೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ? ನಾನು ಓದಿದ್ದು ಬಿ.ಕಾಂ., ಹಾಗಾಗಿ ನನ್ನ ಕಣ್ಣಿಗೆ ಇಲ್ಲಿ ಕಾಣೋದು ಮಾರುಕಟ್ಟೆ. 2003ರ ನವೆಂಬರ್‌ನಲ್ಲಿ 'ಟ್ರಾವೆಲ್ ಸೆಂಟ್ರಿ' ಅನ್ನೋ ಖಾಸಗಿ ಕಂಪನಿ ಒಂದು ಉಪಾಯ ತಂತು. ಸಿಬ್ಬಂದಿಗೆ ಮಾಸ್ಟರ್ ಕೀಗಳ ಒಂದು ಗೊಂಚಲು, ಜನಕ್ಕೆ ಆ ಕೀಗಳಿಂದ ತೆಗೆಯಬಹುದಾದ ಬೀಗಗಳು. ಗುರುತಿಗೆ ಕೆಂಪು ವಜ್ರದ ಆಕಾರದ ಲೋಗೊ. ಬೀಗ ತಯಾರಿಸೋರು ಬೇರೆ ಬೇರೆ ಕಂಪನಿಗಳು, ಗುರುತು ಒಂದೇ. ಟಿಎಸ್‌ಎ ಸ್ವತಃ ಬೀಗ ಮಾಡೋದೂ ಇಲ್ಲ, ಮಾರೋದೂ ಇಲ್ಲ.

ಈ ಉಪಾಯ ಒಂದು ನಂಬಿಕೆ ಮೇಲೆ ನಿಂತಿತ್ತು: ಮಾಸ್ಟರ್ ಕೀ ಬೇರೆಯವರ ಕೈಗೆ ಸಿಗಲ್ಲ ಅಂತ. 2014ರಲ್ಲಿ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆ ಲಗೇಜ್ ತಪಾಸಣೆ ಬಗ್ಗೆ ವರದಿ ಮಾಡ್ತಾ ಆ ಕೀಗಳ ಫೋಟೊ ಹಾಕಿಬಿಡ್ತು. ಹಲ್ಲುಗಳ ಆಕಾರ ಸ್ಪಷ್ಟವಾಗಿ ಕಾಣ್ತಿತ್ತು. ಪತ್ರಿಕೆ ಆಮೇಲೆ ಫೋಟೊ ತೆಗೆದುಹಾಕಿದರೂ ಅದು ಹರಡಿಯಾಗಿತ್ತು. 2015ರಲ್ಲಿ ಕೆಲವರು ಆ ಫೋಟೊ ನೋಡಿ 3ಡಿ ಪ್ರಿಂಟರ್‌ನಲ್ಲಿ ಕೀ ಮಾಡಿದರು. ಬೀಗ ತೆಗೆದುಕೊಂಡಿತು. ಟಿಎಸ್‌ಎ ಕೊಟ್ಟ ಉತ್ತರದ ಸಾರ ಇಷ್ಟು: ಈ ಬೀಗಗಳು ಪ್ರಯಾಣಿಕರ ಅನುಕೂಲಕ್ಕೆ ಇರೋವು, ವಿಮಾನ ಭದ್ರತೆಯ ಭಾಗ ಅಲ್ಲ.

ಇನ್ನೂ ಒಂದು ವಿಷಯ ಇದೆ. ಜಿಪ್ ಇರೋ ಸೂಟ್‌ಕೇಸನ್ನ ಬಾಲ್‌ಪೆನ್ ತುದಿಯಿಂದಲೇ ಬಿಡಿಸಿ, ಆಮೇಲೆ ಜಿಪ್ಪಿನ ರನ್ನರ್ ಎಳೆದು ಮತ್ತೆ ಮುಚ್ಚಬಹುದು. ಅಂದಮೇಲೆ ಆ ಬೀಗ ಮಾಡೋ ಕೆಲಸ ಮುಖ್ಯವಾಗಿ ಎರಡು: ದಾರಿಯಲ್ಲಿ ಬ್ಯಾಗ್ ತಾನಾಗೇ ಬಿಚ್ಚಿಕೊಳ್ಳದ ಹಾಗೆ ನೋಡಿಕೊಳ್ಳೋದು, ತಪಾಸಣೆ ಮಾಡೋರು ಒಡೆಯದೇ ತೆಗೆಯೋ ಹಾಗೆ ಮಾಡೋದು. ಕಳ್ಳನನ್ನ ತಡೆಯೋದು ಅದರ ಕೈಲಿ ಅಷ್ಟಾಗಿ ಆಗಲ್ಲ.

ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೊರಡೋ ನಮ್ಮ ಅಮ್ಮಂದಿರಿಗೆ ಇದು ಗೊತ್ತಿರಬೇಕು. ಒತ್ತಿ ಒತ್ತಿ ತುಂಬಿದ ಬೆಲ್ಲ, ಅಂಟಿನುಂಡೆ, ಚಟ್ನಿಪುಡಿ, ಇಂಥ ದಟ್ಟ ತಿಂಡಿ ಪದಾರ್ಥ ಕಂಡರೆ ಯಂತ್ರಕ್ಕೆ ಅನುಮಾನ ಬರಬಹುದು. ನಮ್ಮಲ್ಲಾದರೆ ಸಾಮಾನ್ಯವಾಗಿ ನಮ್ಮನ್ನೇ ಕರೆಸಿ ಎದುರಲ್ಲೇ ತೆಗೆಸ್ತಾರೆ. ಅಲ್ಲಿ ತೆಗೆದು ನೋಡಿ, 'ನಿಮ್ಮ ಬ್ಯಾಗ್ ತಪಾಸಣೆ ಆಗಿದೆ' ಅನ್ನೋ ಚೀಟಿ ಒಳಗಿಟ್ಟು ಮುಚ್ಚಿ ಕಳಿಸ್ತಾರೆ. ಚೀಟಿ ನೋಡಿ ಗಾಬರಿ ಬೇಡ. ನಮ್ಮ ಕಡೆಯಿಂದ ತಪ್ಪಾಗಿದೆ ಅಂತಲ್ಲ.

ಹಾಗಾದರೆ ಸಾಮಾನು ಕಾಪಾಡೋದು ಯಾವುದು? ಮೊದಲನೆಯದು ನಮ್ಮ ಕೈಚೀಲ. ಚಿನ್ನ, ದುಡ್ಡು, ಕಾಗದಪತ್ರ, ದಿನಾ ತಗೊಳ್ಳೋ ಮಾತ್ರೆ ಅದರಲ್ಲೇ ಇರಲಿ. ಪವರ್ ಬ್ಯಾಂಕನ್ನಂತೂ ಚೆಕ್-ಇನ್ ಬ್ಯಾಗಲ್ಲಿ ಹಾಕೋ ಹಾಗೇ ಇಲ್ಲ. ಎರಡನೆಯದು ಫೋಟೊ. ಸೂಟ್‌ಕೇಸ್ ಮುಚ್ಚೋ ಮೊದಲು ಒಳಗಿಂದು, ಮುಚ್ಚಿದ ಮೇಲೆ ಹೊರಗಿಂದು. ಕೌಂಟರಲ್ಲಿ ಕೊಡೋ ಟ್ಯಾಗ್ ಚೀಟಿ ಬಿಸಾಡಬೇಡಿ. ಮೂರನೆಯದು ಕಾನೂನು. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಇದೆ, ಭಾರತ 2009ರಲ್ಲಿ ಸೇರಿದೆ. ಲಗೇಜಿಗೆ ಹಾನಿಯಾದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಪರಿಹಾರದ ಮಿತಿ ಈಗ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಇದು ಗರಿಷ್ಠ ಮಿತಿ. ನಷ್ಟ ಎಷ್ಟು ಅಂತ ತೋರಿಸೋ ಕೆಲಸ ನಮ್ಮದು, ಬಿಲ್ಲು ಮತ್ತು ಫೋಟೊ ಬೇಕಾಗೋದು ಆಗಲೇ.

ತಪಾಸಣೆ ಬೇಡ ಅಂತ ನಾನು ಹೇಳಲ್ಲ. 329 ಜನರ ಕಥೆ ಓದಿದ ಮೇಲೆ ಹಾಗೆ ಹೇಳೋಕೆ ಬಾಯಿ ಬರಲ್ಲ. ಬ್ಯಾಗ್ ತೆಗೆದು ನೋಡಲಿ. ನಾವು ಮಾತ್ರ ಅದು ತೆಗೆಯೋ ಬ್ಯಾಗ್ ಅಂತ ತಿಳಿದುಕೊಂಡೇ ತುಂಬೋಣ.

ಈ ಸಂಚಿಕೆಯನ್ನ ನಿಮ್ಮ ಮನೆಯಲ್ಲಿ ಸದ್ಯದಲ್ಲೇ ವಿಮಾನ ಹತ್ತೋರಿಗೆ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.