ಹಳೆಯ ಸಿಎನ್‌ಸಿ ಯಂತ್ರಗಳ ವ್ಯಾಪಾರ

ಟೂಲ್‌ರೂಮ್‌ಗಳು ಬಳಸಿ ಮಾರುವ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್, ಮಿಲ್ಲಿಂಗ್ ಯಂತ್ರಗಳ ಮರುಮಾರಾಟವೇ ಈ ವ್ಯಾಪಾರ. ಕರ್ನಾಟಕದಲ್ಲಿ ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್‌ನಂಥ ಯಂತ್ರಾಗಾರಗಳ ನೆಲೆಗಳಲ್ಲಿ ಈ ವ್ಯವಹಾರ ಸಹಜ. ಹರಿಹರದ ಮೈಸೂರು ಕಿರ್ಲೋಸ್ಕರ್ (ಸ್ಥಾಪನೆ 1941), ಬೆಂಗಳೂರಿನ ಎಚ್‌ಎಂಟಿ (ಸ್ಥಾಪನೆ 1953) ತಯಾರಿಸಿದ, ಸಿಎನ್‌ಸಿ ಅಲ್ಲದ ಸಾದಾ ಲೇತ್‌ಗಳೂ ಇಂದಿಗೂ ಕೈ ಬದಲಿಸುತ್ತವೆ.

ಆದರೆ ಎಲ್ಲ ಕಡೆ ಸಿಎನ್‌ಸಿ ಬೇಕಿಲ್ಲ: ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ಕೃಷಿ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರ್, ಪಂಪ್‌ಸೆಟ್ ರಿಪೇರಿಗೆ ಸಾದಾ ಲೇತ್ ಸಾಕು. ಒಂದೇ ಬಗೆಯ ಭಾಗವನ್ನು ನೂರಾರು ಸಂಖ್ಯೆಯಲ್ಲಿ ತಯಾರಿಸುವ ಆರ್ಡರ್ ಇದ್ದಾಗ ಸಿಎನ್‌ಸಿ ಲಾಭದಾಯಕ. ಸಿಎನ್‌ಸಿ ಕಲಿಯಬಯಸುವವರಿಗೆ ಮುದ್ದೇಬಿಹಾಳಕ್ಕೆ ಹತ್ತಿರದ ಕೂಡಲಸಂಗಮದಲ್ಲಿ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಶಾಖೆಯಿದೆ; ಜಿಟಿಟಿಸಿ ಸಂಸ್ಥೆ 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಆರಂಭವಾಯಿತು.

ಕೊಳ್ಳುವವರು ಹೊಸ ಬಣ್ಣಕ್ಕೆ ಮರುಳಾಗಬಾರದು. ಟೂಲ್ ಹಿಡಿಯುವ ಟರೆಟ್‌ಗೆ ಡಯಲ್ ಗೇಜ್ ತಾಗಿಸಿ, ಹ್ಯಾಂಡ್‌ವೀಲನ್ನು 0.01 ಮಿ.ಮೀ. ಹೆಜ್ಜೆಯಲ್ಲಿ ಮುಂದಕ್ಕೆ ತಿರುಗಿಸಿ, ಆಮೇಲೆ ಹಿಂದಕ್ಕೆ ತಿರುಗಿಸಬೇಕು. ಮುಳ್ಳು ಎಷ್ಟು ಹೆಜ್ಜೆ ಅಲುಗದೆ ನಿಲ್ಲುತ್ತದೋ ಅಷ್ಟು ಸಡಿಲ ಬಾಲ್‌ಸ್ಕ್ರೂನಲ್ಲಿದೆ. ಈ ಸಡಿಲವನ್ನು ಕಂಟ್ರೋಲರ್‌ನ ಪ್ಯಾರಾಮೀಟರ್ ಬದಲಿಸಿ ಮುಚ್ಚಿಡಲೂಬಹುದು. ಫಾನುಕ್ ಕಂಟ್ರೋಲರ್‌ನ ಅನೇಕ ಮಾದರಿಗಳಲ್ಲಿ ಆ ಪ್ಯಾರಾಮೀಟರ್‌ನ ಸಂಖ್ಯೆ 1851. ಅಲ್ಲಿ ದೊಡ್ಡ ಅಂಕಿ ಕಂಡರೆ ಬೆಲೆ ಇಳಿಸಿ ಕೇಳುವುದೇ ಸರಿ. ಸ್ಪಿಂಡಲನ್ನು ಪೂರ್ಣ ವೇಗದಲ್ಲಿ ಅರ್ಧ ಗಂಟೆ ಓಡಿಸಿ ಬಿಸಿ, ಸದ್ದು ಗಮನಿಸಬೇಕು.

ಸಾಗಣೆಗೆ ಮುನ್ನ ಪ್ಯಾರಾಮೀಟರ್‌ಗಳ ನಕಲು ಪಡೆಯಲೇಬೇಕು. ಬ್ಯಾಟರಿ ಸತ್ತು ಕಂಟ್ರೋಲರ್‌ನ ಮೆಮೊರಿ ಅಳಿಸಿಹೋದರೆ ಯಂತ್ರ ನಿಂತಲ್ಲೇ ನಿಲ್ಲುತ್ತದೆ. ತ್ರೀ ಫೇಸ್ ವಿದ್ಯುತ್ತು ಏರಿಳಿಯುವ ಊರಿನಲ್ಲಿ ಸ್ಟೆಬಿಲೈಸರ್ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು.