ಸ್ಥೌಲ್ಯಚಿಕಿತ್ಸೆಯೂ ನಮ್ಮ ಹೊಲದ ಕಾಳುಗಳೂ

ಬೊಜ್ಜು ಈಚಿನ ಕಾಲದ ರೋಗವೆಂದೇ ನಮ್ಮಲ್ಲಿ ಅನೇಕರ ಭಾವನೆ. ಆದರೆ ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದ ಮುಖ್ಯ ವಿಷಯವೇ ಅತಿ ಸ್ಥೂಲ ಹಾಗೂ ಅತಿ ಕೃಶ ದೇಹಗಳು. ಸಿಹಿ ಮತ್ತು ಜಿಡ್ಡಿನ ಊಟ, ಹಗಲುನಿದ್ರೆ, ಮೈ ಬಗ್ಗಿಸದ ಬದುಕು ಇವುಗಳ ಜೊತೆಗೆ 'ಬೀಜಸ್ವಭಾವ'ವನ್ನೂ, ಅಂದರೆ ಹೆತ್ತವರಿಂದ ಬಂದ ಗುಣವನ್ನೂ, ಸ್ಥೌಲ್ಯಕ್ಕೆ ಕಾರಣವೆಂದು ಅಲ್ಲಿ ಹೇಳಿದೆ. ದಪ್ಪಗಿರುವವರನ್ನೆಲ್ಲ ಹೊಟ್ಟೆಬಾಕರೆಂದು ಹಂಗಿಸುವವರು ಈ ಮಾತನ್ನು ಗಮನಿಸಬೇಕು.

ಚರಕನ ತರ್ಕ ಹೀಗಿದೆ. ಮೇದಸ್ಸು ದೇಹದ ಮಾರ್ಗಗಳನ್ನು ಮುಚ್ಚುತ್ತದೆ. ಆಗ ವಾಯುವು ಕೋಷ್ಠದಲ್ಲಿಯೇ ಸುಳಿದಾಡಿ ಜಠರಾಗ್ನಿಯನ್ನು ಊದಿ ಉರಿಸುತ್ತದೆ. ಉಂಡದ್ದು ಬೇಗ ಕರಗಿ, ಹಸಿವು ಮತ್ತೆ ಮತ್ತೆ ಕಾಡುತ್ತದೆ. ಆದ್ದರಿಂದ ಅವನು ಸೂಚಿಸುವುದು ಜೀರ್ಣಕ್ಕೆ ಗುರುವಾಗಿದ್ದು ಮೈಗೆ ಕೊಬ್ಬು ಹತ್ತಿಸದ ಆಹಾರವನ್ನು.

ಆ ಆಹಾರದ ಪಟ್ಟಿಯನ್ನು ಓದಿದಾಗ ನನಗೆ ತೊರವಿಯ ಎರೆಹೊಲಗಳೇ ಕಣ್ಣಮುಂದೆ ಬಂದವು. ನವಣೆ, ಹಾರಕ, ಬಾರ್ಲಿ, ಹೆಸರು, ಹುರಳಿ, ತೊಗರಿ. ಪಲ್ಯಕ್ಕೆ ಪಡವಲ, ಜೊತೆಗೆ ನೆಲ್ಲಿ. ಪಟ್ಟಿಯಲ್ಲಿರುವ 'ಜೂರ್ಣಾಹ್ವ' ಎಂಬ ಧಾನ್ಯಕ್ಕೆ ಜೋಳವೆಂದು ಅರ್ಥ ಹೇಳುವುದುಂಟು. ವಿಜಯಪುರದ ಒಕ್ಕಲಿಗನು ಯಾವ ವೈದ್ಯನನ್ನೂ ಕೇಳದೆ ಜೋಳದ ರೊಟ್ಟಿ, ತೊಗರಿಬ್ಯಾಳಿ, ಮಜ್ಜಿಗೆಗಳನ್ನು ಉಂಡು ನೇಗಿಲು ಹೊಡೆಯುತ್ತಿದ್ದನು. ಊಟದ ಮೇಲೆ ಜೇನು ಬೆರೆಸಿದ ನೀರನ್ನೂ ಚರಕನು ಹೇಳಿದ್ದಾನೆ. ಈಗ ಬೆಳಿಗ್ಗೆ ಎದ್ದು ಬಿಸಿನೀರಿಗೆ ಜೇನು ಸುರಿದು ಕುಡಿಯುವವರು ಬಹಳ. ಬಿಸಿಯಾದ ಜೇನು ಅಪಾಯಕಾರಿ ಎಂದು ಅದೇ ಗ್ರಂಥವು ಎಚ್ಚರಿಸಿರುವುದು ಅವರಿಗೆ ತಿಳಿಯದು! ವ್ಯಾಯಾಮವನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆಂಬ ಸಲಹೆ ಇಂದಿಗೂ ಸಲ್ಲುತ್ತದೆ. ಜಾಗರಣೆಯನ್ನು ಹೆಚ್ಚಿಸಬೇಕೆಂಬ ಸಲಹೆ ಮಾತ್ರ ಸಲ್ಲದು. ನಿದ್ರೆಗೆಟ್ಟರೆ ತೂಕ ಏರುವ ಸಂಭವ ಹೆಚ್ಚೆಂದು ಇಂದಿನ ವೈದ್ಯರು ಹೇಳುತ್ತಾರೆ.

ಇನ್ನು ಗುಗ್ಗುಳದ ವಿಚಾರ. ವೀರಭದ್ರನ ಗುಗ್ಗಳ ಕಂಡ ನಮ್ಮವರಿಗೆ ಈ ಹೆಸರು ಹೊಸದಲ್ಲ. ಸುಶ್ರುತನು ಈ ಮರದ ಅಂಟನ್ನು ಸ್ಥೌಲ್ಯದ ಔಷಧಗಳಲ್ಲಿ ಸೇರಿಸಿದ್ದಾನೆ; ಆದರೆ ಹೆಸರು, ಹಾರಕ, ವ್ಯಾಯಾಮಗಳ ಜೊತೆಯಲ್ಲಿ. ಆ ಶ್ಲೋಕಗಳ ಜಾಡು ಹಿಡಿದು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಪ್ರೌಢಪ್ರಬಂಧ ಬರೆದವರು ಗೌಡಗೆರೆ ವೇದಾಂತಿ ಸತ್ಯವತಿ; ಹೆಸರಿನಲ್ಲಿಯೇ ಕನ್ನಡದ ಊರಿದೆ. ಮೊಲಗಳ ಮೇಲೆ ಪ್ರಯೋಗ ನಡೆಸಿ, ಗುಗ್ಗುಳವು ರಕ್ತದ ಕೊಲೆಸ್ಟರಾಲನ್ನು ಇಳಿಸುವುದೆಂದು ಅವರು ತೋರಿಸಿದರು. ಮುಂದೆ ಅವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ಮಹಿಳಾ ಮಹಾನಿರ್ದೇಶಕರಾದರು. ಹಳೆಯ ಗ್ರಂಥವನ್ನು ಪೂಜಿಸದೆ ಪರೀಕ್ಷೆಗೆ ಒಡ್ಡಿದ ಈ ಧೈರ್ಯ ನನಗೆ ಬಹು ದೊಡ್ಡದಾಗಿ ಕಾಣುತ್ತದೆ.

ಪರೀಕ್ಷೆ ಅಲ್ಲಿಗೇ ನಿಲ್ಲಲಿಲ್ಲ. ಅಮೆರಿಕದಲ್ಲಿ 103 ಜನರ ಮೇಲೆ ಎಂಟು ವಾರ ನಡೆದ ಪ್ರಯೋಗದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಗುಗ್ಗುಳದ ಸಾರ ಸೇವಿಸಿದವರಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿಯುವ ಬದಲು ತುಸು ಏರಿತು. ಕೆಲವರಿಗೆ ಮೈಮೇಲೆ ದದ್ದುಗಳೂ ಎದ್ದವು. ಹೀಗಿದ್ದರೂ 'ಬೊಜ್ಜು ಕರಗಿಸುವ ಗುಗ್ಗುಳ' ಎಂಬ ಗುಳಿಗೆಗಳು ಅಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾಗುತ್ತಿವೆ. ಸುಶ್ರುತನು ಅದರ ಜೊತೆಗೆ ಹೇಳಿದ ಹಾರಕವನ್ನಾಗಲಿ, ಹೆಸರನ್ನಾಗಲಿ ಆ ಡಬ್ಬಿಗಳ ಮೇಲೆ ನಾನಂತೂ ಕಂಡಿಲ್ಲ.